ಅರವತ್ತಕ್ಕೆ ಲಾಕ್ ಆದ ಲಾರಿ

ಯಶವಂತಪುರದ ಲಾರಿ ಆಫೀಸಿನಲ್ಲಿ ನಾನು ಗುಮಾಸ್ತನಾಗಿದ್ದಾಗ ಅಲ್ಲೊಬ್ಬ ಹಿರಿಯ ಡ್ರೈವರ್ ಇದ್ದರು. ಹಿಂದಿನ ಗಾಡಿ ಹಾರ್ನ್ ಮಾಡುವ ಮೊದಲೇ ಕನ್ನಡಿಯಲ್ಲಿ ನೋಡಿ, ಎಡಕ್ಕೆ ಸರಿದು, ‘ಹೋಗಿ’ ಎಂದು ಬಲಗೈ ಹೊರಗೆ ಚಾಚಿ ಬೀಸುತ್ತಿದ್ದರು. ಪಕ್ಕಕ್ಕೆ ಬಂದವನು ಮುಂದೆ ಸೇರಿಕೊಳ್ಳುವವರೆಗೆ ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸುತ್ತಿದ್ದರು. ಯಾಕೆಂದು ಕೇಳಿದರೆ ಒಂದೇ ಮಾತು: “ದಾರಿ ಬಿಟ್ರೆ ನಮ್ದೇನ್ ಹೋಗುತ್ತೆ ಸ್ವಾಮಿ?”

ಆಮೇಲೆ ಲಾರಿಗಳಿಗೆ ವೇಗ ಮಿತಿ ಮೀರದಂತೆ ತಡೆಯುವ ಸ್ಪೀಡ್ ಗವರ್ನರ್ ಬಂತು. ಕಾನೂನು ಎಂಬತ್ತು ಎನ್ನುತ್ತಿತ್ತು. ಡೀಸೆಲ್ ಉಳಿಯಲಿ ಎಂದು ಯಜಮಾನರು ಅರವತ್ತು ಎಂದರು. ಗ್ಯಾರೇಜಿನಲ್ಲಿ ನಿಂತು ಅರವತ್ತಕ್ಕೆ ಲಾಕ್ ಮಾಡಿಸಿದವನು ನಾನೇ.

ಒಂದು ಮಧ್ಯಾಹ್ನ ಯಜಮಾನರ ಕಾರಿನಲ್ಲಿ ತುಮಕೂರಿಗೆ ಹೊರಟಿದ್ದೆವು. ನೆಲಮಂಗಲ ದಾಟಿದ ಮೇಲೆ ಎರಡು ಲಾರಿಗಳು ಜೋಡೆತ್ತಿನಂತೆ ರಸ್ತೆ ತುಂಬಿ ಹೋಗುತ್ತಿದ್ದವು. ಎಡಗಡೆಯದನ್ನು ದಾಟಲು ಹೊರಟಿದ್ದ ಬಲಗಡೆಯದು ನಮ್ಮದು, ಓಡಿಸುತ್ತಿದ್ದವರು ಅದೇ ಹಿರಿಯ ಡ್ರೈವರ್. ಎಡಗಡೆಯವನು ಕಾಲು ಸಡಿಲಿಸಲಿಲ್ಲ, ನಮ್ಮ ಲಾರಿ ಅರವತ್ತರ ಮೇಲೆ ಏರಲಿಲ್ಲ. ಅವನ ಬೆನ್ನಿಗೇ ಬಸ್ಸೊಂದು ಅಂಟಿಕೊಂಡಿದ್ದರಿಂದ ಹಿಂದೆ ಸರಿದು ಎಡಕ್ಕೆ ಸೇರಲೂ ನಮ್ಮ ಲಾರಿಗೆ ಜಾಗವಿರಲಿಲ್ಲ. ಯಜಮಾನರು ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಟೋಲ್‌ನಲ್ಲಿ ಇಳಿದು ಹೋಗಿ, ಡ್ರೈವರ್‌ಗೆ ಮಗನ ವಯಸ್ಸಿನ ಯಜಮಾನರು ಅವರ ಕೆನ್ನೆಗೆ ಹೊಡೆದರು.

“ರೋಡ್ ನಿಮ್ಮಪ್ಪಂದೇನೋ?”

ಡ್ರೈವರ್ ನನ್ನ ಕಡೆ ನೋಡಿದರು. ನಾನು ಮೊಬೈಲ್ ನೋಡಿದೆ.

ಮರುದಿನ ಅವರು ಲಾರಿ ಕೀಯನ್ನು ನನ್ನ ಮೇಜಿನ ಮೇಲಿಟ್ಟರು. “ಲಾಕ್ ಮಾಡಿಸಿದ್ದು ನಾವೇ ಅಂತ ಒಂದ್ ಮಾತ್ ಹೇಳಿದ್ರೆ ನಿಮ್ದೇನ್ ಹೋಗ್ತಿತ್ತು ಸ್ವಾಮಿ?”

ಕೆಲಸ ಹೋಗುತ್ತಿತ್ತು. ಅದನ್ನೂ ಹೇಳದೆ ಕೀಯನ್ನು ಮೊಳೆಗೆ ನೇತುಹಾಕಿದೆ.