ಕುಂಟದ ಎತ್ತಿಗೆ ಕಟ್ಟಿದ ಪಟ್ಟಿ

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ರಾಯಬಾಗ ತಾಲ್ಲೂಕಿನ ಹಾರೂಗೇರಿ ಕಡೆ ಪಶುವೈದ್ಯನಾಗಿದ್ದೆ. ಕಬ್ಬು ನುರಿಸುವ ಹಂಗಾಮು ಬಂತೆಂದರೆ ನನ್ನ ಮೋಟರ್‌ಸೈಕಲ್ಲಿಗೆ ಬಿಡುವೇ ಇರುತ್ತಿರಲಿಲ್ಲ. ಮಹಾರಾಷ್ಟ್ರದಿಂದ ಕಬ್ಬು ಕಡಿಯುವ ಗ್ಯಾಂಗುಗಳು ಎತ್ತಿನ ಗಾಡಿ ಕಟ್ಟಿಕೊಂಡು ಬಂದು, ಕಬ್ಬಿನ ಒಣ ಎಲೆಯ ಗುಡಿಸಲು ಹಾಕಿ ಬೇಸಿಗೆಯವರೆಗೆ ಹೊಲದಂಚಿನಲ್ಲೇ ಇರುತ್ತಿದ್ದವು. ಎತ್ತು ಕೆಮ್ಮಿದರೆ ಆಳು ಕಳಿಸಿ ನನ್ನನ್ನು ಕರೆಸುತ್ತಿದ್ದರು. ಮನುಷ್ಯರು ಮಾತ್ರ ಕೆಮ್ಮುತ್ತಲೇ ಕಬ್ಬು ಕಡಿಯುತ್ತಿದ್ದರು.

ಅಂಥ ಒಂದು ಬಿಡಾರದಲ್ಲಿ ಮಾರುತಿ ಎಂಬವನ ಎತ್ತುಗಳಿಗೆ ಜಂತಿನ ಔಷಧಿ ಕುಡಿಸುತ್ತಿದ್ದೆ. ಅವನ ಹೆಂಡತಿ ಸಖೂಬಾಯಿ ಗಾಡಿಯ ಗಾಲಿಗೆ ಒರಗಿ ಕುಳಿತಿದ್ದಳು. ತುಂಬು ಬಸುರಿ, ಮುಖ, ಕಾಲು ಎರಡೂ ಬಾತಿದ್ದವು. ಎಷ್ಟೋ ಹಂಗಾಮು ಇತ್ತ ಬಂದು ಅವಳಿಗೆ ಕನ್ನಡ ಸಲೀಸಾಗಿತ್ತು.

"ತಲಿ ಸಿಡ್ಯಾಕತ್ತೈತ್ರಿ ಸಾಹೇಬ್ರ, ಕಣ್ಣಿಗಿ ಕತ್ತಲಿ ಬರತೈತಿ. ಎತ್ತಿನ ಗುಳಿಗಿ ಇದ್ರ ನನಗೂ ಒಂದ ಕೊಡ್ರಿ."

ಅಷ್ಟು ಧೈರ್ಯ ನನಗಿರಲಿಲ್ಲ. ಹತ್ತಿರದ ಆರೋಗ್ಯ ಉಪಕೇಂದ್ರದ ನರ್ಸ್ ಶಕುಂತಲಾ ಅವರನ್ನು ಹಿಂದೆ ಕೂರಿಸಿಕೊಂಡು ಬಂದೆ. ಬಿ.ಪಿ. ನೋಡಿದ ಅವರ ಮುಖ ಸಪ್ಪಗಾಯಿತು. "ಇವತ್ತ ಚಿಕ್ಕೋಡಿ ದವಾಖಾನಿಗೆ ಒಯ್ಯಬೇಕ್ರಿ. ಫಿಟ್ಸ್ ಬಂದ್ರ ತಾಯಿ, ಕೂಸು ಎರಡೂ ಉಳಿಯೂದ ಕಷ್ಟ."

ಗ್ಯಾಂಗಿನ ಮುಖಂಡ, ಮುಕಾದಮ ದಗಡೂ, ಒಪ್ಪಲಿಲ್ಲ. ಅವನ ಲೆಕ್ಕದಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಒಂದೇ ಕುಡುಗೋಲು. ಒಬ್ಬರು ಹೋದರೆ ಜೋಡಿಯ ಕೆಲಸವೇ ನಿಂತಂತೆ.

"ಹೆಂಗಸೂರ ಹಡೀತಾರ, ಇದೇನ ಹೊಸಾದ? ಗಾಡಿ ನಿಂದ್ರಸಾಕ ಬರೂದಿಲ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಜಗಳಾಡಿದರೆ ಹೊತ್ತು ಹೋಗುತ್ತದೆ, ಅಷ್ಟೇ. ಸುಮ್ಮನೆ ಹೋಗಿ ಮಾರುತಿಯ ಬಿಳಿ ಎತ್ತಿನ ಮುಂಗಾಲು ಎತ್ತಿ ನೋಡಿದೆ. ಗೊರಸು ಕಲ್ಲಿನಂತೆ ಗಟ್ಟಿಯಾಗಿತ್ತು.

"ಅಯ್ಯಯ್ಯ, ಒಳಗ ಕೀವು ಆಗೇತಲ್ಲೋ!" ಎಂದೆ. "ನಾಕ ದಿನ ನೊಗ ಮುಟ್ಟಿಸಬ್ಯಾಡ್ರಿ. ಮುಟ್ಟಿಸಿದ್ರ ಎತ್ತು ಕೈಬಿಟ್ಟ ಹೋಗತೈತಿ." ಎಲ್ಲರಿಗೂ ಕಾಣುವಂತೆ ದೊಡ್ಡದೊಂದು ಪಟ್ಟಿಯನ್ನೂ ಕಟ್ಟಿದೆ.

ದಗಡೂ ಗಾಬರಿಯಾದ. "ಏ ಮಾರುತಿ, ಗಾಡಿ ಬಿಚ್ಚಲೇ! ಪಾಪ, ಮೂಕ ಜೀವ ಐತಿ."

ಗಾಡಿ ಬಿಚ್ಚಿದ ಮೇಲೆ ಮಾರುತಿಗೇನು ಕೆಲಸ? ಸಿಕ್ಕ ಟೆಂಪೊದಲ್ಲಿ ಗಂಡ ಹೆಂಡತಿಯನ್ನು ಹತ್ತಿಸಿದೆವು. ಜೊತೆಗೆ ಹೊರಟ ಶಕುಂತಲಾ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ಮರುದಿನ ಸಂಜೆ ನಾನು ಬಿಡಾರಕ್ಕೆ ಹೋಗುವಷ್ಟರಲ್ಲಿ ಸುದ್ದಿ ಮುಟ್ಟಿತ್ತು: ಹೆಣ್ಣು ಕೂಸು, ತಾಯಿಯೂ ಆರಾಮ. ದಗಡೂ ಬೆಲ್ಲ ಹಂಚುತ್ತಿದ್ದ. ಅಷ್ಟರಲ್ಲಿ ಬಿಳಿ ಎತ್ತು ಪಟ್ಟಿಯ ಕಾಲಲ್ಲೇ ಚೂರೂ ಕುಂಟದೆ ನೀರಿನ ಕಡೆ ಚಂಗನೆ ಓಡಿತು. ದಗಡೂ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಸಿಕ್ಕಿಬಿದ್ದೆ ಅಂದುಕೊಂಡೆ.

ಅವನು ನನ್ನ ಕೈಗೂ ಬೆಲ್ಲ ಹಾಕಿದ. "ಇನ್ನ ಮ್ಯಾಲ ಎತ್ತು ಕುಂಟಿಸಬ್ಯಾಡ್ರಿ ಸಾಹೇಬ್ರ. ನೀವು ಬರೂ ದಿನ ನರ್ಸ್ ಅಕ್ಕಾರನ್ನೂ ಕರಕೊಂಡ ಬರ್ರಿ. ಅವರು ಹೇಳಿದ್ರ ಗಾಡಿ ನಿಂದ್ರಸ್ತೇನಿ."

ಬಿಡಾರವೆಲ್ಲ ಹೋ ಎಂದು ನಕ್ಕಿತು. ನನಗಂತೂ ಕುಣಿಯಬೇಕೆನ್ನುವಷ್ಟು ಖುಷಿ. ಆ ಹಂಗಾಮು ಮುಗಿಯುವತನಕ ನಾನು ಎತ್ತುಗಳನ್ನು, ಶಕುಂತಲಾ ಹೆಂಗಸರು ಮಕ್ಕಳನ್ನು ಒಂದೇ ಹೊತ್ತಿಗೆ ನೋಡಿದೆವು. ಬರಬರುತ್ತ ಅವರ ಸಾಲೇ ನನ್ನದಕ್ಕಿಂತ ಉದ್ದವಾಯಿತು.

ನೌಕರಿ ನನಗೆ ಕಲಿಸಿದ್ದು ಇಷ್ಟೇ. ಚಿಕ್ಕೋಡಿಯ ದವಾಖಾನೆ ಮೊದಲೂ ಅಲ್ಲೇ ಇತ್ತು, ಬಾಗಿಲೂ ತೆರೆದಿತ್ತು. ಸಖೂಬಾಯಿಗೆ ಬೇಕಾಗಿದ್ದದ್ದು ಎತ್ತಿಗೆ ಸಿಗುತ್ತಿದ್ದ ರಜೆ.