ಉಗುರಿನಷ್ಟು ಬೂದು ಬಣ್ಣ

ವಿದ್ಯಾರಣ್ಯಪುರದಲ್ಲಿ ನನ್ನದೊಂದು ಶೆಡ್ ಇದೆ. ಕಾರುಗಳ ಮೈಮೇಲಿನ ಗೀರು, ಕಲೆಗಳನ್ನು ತೆಗೆದು ಬಣ್ಣಕ್ಕೆ ಮತ್ತೆ ಹೊಳಪು ತರುವುದು ನನ್ನ ಕೆಲಸ. ಈಗಿನವರು ಇದಕ್ಕೆ ಡೀಟೇಲಿಂಗ್ ಎನ್ನುತ್ತಾರೆ. ನನ್ನ ತಂದೆ ಯಶವಂತಪುರದಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದರು. ಬಣ್ಣ ಹಚ್ಚುವವನ ಮಗ ಬಣ್ಣ ಕೆರೆಯುವವನಾದ ಎಂದು ಅಮ್ಮಿ ನಮ್ಮ ಮನೆಯ ಉರ್ದುವಿನಲ್ಲಿ ತಮಾಷೆ ಮಾಡುತ್ತಿದ್ದರು. ಅದು ಬರೀ ತಮಾಷೆಯಲ್ಲ. ಕಾರಿನ ತಗಡಿನ ಮೇಲೆ ಮೊದಲು ಬೂದು ಬಣ್ಣದ ಪ್ರೈಮರ್ ಇರುತ್ತದೆ, ಅದರ ಮೇಲೆ ಕಣ್ಣಿಗೆ ಕಾಣುವ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂಥ ತೆಳುವಾದ ಒಂದು ಪದರ. ಗೀರು ಹೋಗಬೇಕಾದರೆ ಆ ಮೇಲಿನ ಪದರವನ್ನು ಮೆಷಿನ್ನಿನಿಂದ ಸ್ವಲ್ಪ ಸವೆಸಬೇಕು. ಎಷ್ಟು ಸವೆಸಬೇಕು, ಎಲ್ಲಿ ಕೈ ನಿಲ್ಲಿಸಬೇಕು ಎಂದು ತಿಳಿಯುವುದೇ ಕಸುಬು. ಹದಿನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ನನಗೆ ಅದು ಗೊತ್ತಿದೆ ಎಂದೇ ನಂಬಿದ್ದೆ.

ಎರಡು ವರ್ಷದ ಹಿಂದೆ ಒಂದು ಸೋಮವಾರ ಕಡುನೀಲಿ ಬಣ್ಣದ ಸ್ಪೋರ್ಟ್ಸ್ ಕಾರೊಂದು ಶೆಡ್ಡಿಗೆ ಬಂತು. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂತೆ ಓಡುವ ಗಾಡಿ. ಓಡಿಸಿಕೊಂಡು ಬಂದ ಮಾಲೀಕರು ಶೆಟ್ಟಿಹಳ್ಳಿಯ ಹಳೆಯ ರೈತ ಮನೆತನದವರು. ತಂದೆಯ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಇವರು ಅಪಾರ್ಟ್‌ಮೆಂಟ್ ಕಟ್ಟಿಸುತ್ತಾರೆ. ಪಕ್ಕದ ಸೀಟಿನಿಂದ ಅವರ ಡ್ರೈವರ್ ಕಷ್ಟಪಟ್ಟು ಇಳಿದರು. ಅರವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಇಳಿದವರು ನೇರ ನಿಲ್ಲದೆ ಕಾರಿನ ಹಿಂದೆ ಹೋಗಿ ನಿಂತರು.

"ನೋಡಿ ಭಾಯ್, ಪಾತ್ರೆ ತಿಕ್ಕೋ ಥರ ತಿಕ್ಕಿದಾನೆ," ಎಂದರು ಮಾಲೀಕರು.

ನಿಜವಾಗಿಯೂ ಹಾಗೇ ಇತ್ತು. ಬಾನೆಟ್ಟಿನ ಮೇಲೆ, ಬಲಗಡೆಯ ಹಿಂದಿನ ಚಕ್ರದ ಮೇಲ್ಭಾಗದಲ್ಲಿ ಸುತ್ತು ಸುತ್ತಾಗಿ ಸಾವಿರ ಗೀರುಗಳು. ಮನೆ ಪಕ್ಕದ ಕಟ್ಟಡದಲ್ಲಿ ಛಾವಣಿಯ ಮೌಲ್ಡಿಂಗ್ ಹಾಕುವಾಗ ಸಿಮೆಂಟಿನ ಹನಿಗಳು ಕಾರಿನ ಮೇಲೆ ಬಿದ್ದಿದ್ದವು. ಬೇರೆ ಊರಿಗೆ ಹೋಗಿದ್ದ ಮಾಲೀಕರು ಬರುವುದರೊಳಗೆ ತೆಗೆದುಬಿಡಬೇಕೆಂದು ಡ್ರೈವರ್ ಗಾಬರಿಯಲ್ಲಿ ಪಾತ್ರೆ ತೊಳೆಯುವ ನಾರು ತೆಗೆದುಕೊಂಡು ಉಜ್ಜಿದ್ದರು. ಸಿಮೆಂಟ್ ಹೋಗಿತ್ತು, ಗೀರು ಉಳಿದಿತ್ತು.

"ಕೆಲ್ಸ ಮುಗಿಯೋವರೆಗೂ ದಿನಾ ಬಂದು ಇಲ್ಲೇ ಕೂತ್ಕೋ," ಎಂದು ಮಾಲೀಕರು ಅವರಿಗೆ ಹೇಳಿದರು. "ನೀನು ಮಾಡಿರೋದನ್ನ ಸರಿ ಮಾಡೋಕೆ ಇವ್ರು ಎಷ್ಟು ಒದ್ದಾಡ್ತಾರೆ, ಕಣ್ಣಾರೆ ನೋಡು."

"ಆಯ್ತಣ್ಣ," ಎಂದರು ಡ್ರೈವರ್. ಮಾಲೀಕರಿಗಿಂತ ಹತ್ತು ವರ್ಷವಾದರೂ ದೊಡ್ಡವರು, ಆದರೂ ಅಣ್ಣ ಎನ್ನುತ್ತಿದ್ದರು. ಮಾಲೀಕರ ತಂದೆಯ ಟ್ರ್ಯಾಕ್ಟರ್ ಓಡಿಸಲು ಸೇರಿದವರು ಆ ಮನೆಯಲ್ಲೇ ಉಳಿದುಬಿಟ್ಟಿದ್ದರಂತೆ.

ಮರುದಿನದಿಂದ ಅವರು ಬೆಳಿಗ್ಗೆ ಒಂಬತ್ತಕ್ಕೆ ಬಂದು ಶೆಡ್ಡಿನ ಮೂಲೆಯ ಸ್ಟೂಲಿನ ಮೇಲೆ ಕೂರತೊಡಗಿದರು. ಮೊದಲ ದಿನ ಮಾತೇ ಆಡಲಿಲ್ಲ. ನಾನು ಕಾರನ್ನು ತೊಳೆದು, ರಬ್ಬರಿನ ಅಂಚುಗಳಿಗೆ ಟೇಪು ಹಚ್ಚಿ, ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರನ್ನು ಒಂದೊಂದು ಜಾಗಕ್ಕೂ ಇಟ್ಟು ಬರೆದುಕೊಂಡೆ. ಬಾನೆಟ್ಟಿನಲ್ಲಿ ತೊಂದರೆಯಿರಲಿಲ್ಲ. ಬಲಗಡೆ ಹಿಂದಿನ ಚಕ್ರದ ಮೇಲೆ ತಗಡು ಮಡಚಿ ಏಣಿನಂತೆ, ಅಂದರೆ ಚೂಪಾದ ಅಂಚಾಗಿ ಏಳುವ ಜಾಗದಲ್ಲಿ ಮೀಟರು ತೀರಾ ಕಡಿಮೆ ತೋರಿಸಿತು. ಹಿಂದೆ ಯಾರೋ ಒಮ್ಮೆ ಪಾಲಿಶ್ ಮಾಡಿರಬೇಕು. ಅಲ್ಲಿ ಮೆಷಿನ್ ಇಡಬಾರದು, ಕೈಯಲ್ಲೇ ಮಾಡಬೇಕು ಎಂದು ಬರೆದಿಟ್ಟೆ. ಈ ಮಾತನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಆಮೇಲೆ ಆದದ್ದು ತಿಳಿಯದೆ ಆದದ್ದಲ್ಲ.

ಎರಡನೆಯ ದಿನ ಅವರೇ ಎದ್ದು ಬಂದು, "ಸಾಬ್ರೇ, ಸುಮ್ಕೆ ಕೂತ್ಕೊಳಕಾಯ್ತಿಲ್ಲ, ಏನಾರ ಕೊಡಿ ಇಡ್ಕೊತೀನಿ," ಎಂದರು. ಗೀರು ಕಾಣಲು ಬಳಸುವ ಕೈದೀಪವನ್ನು ಅವರಿಗೆ ಕೊಟ್ಟೆ. ನಾನು ಹೇಳಿದ ಕೋನದಲ್ಲಿ ಅಲುಗಾಡದೆ ಹಿಡಿಯುತ್ತಿದ್ದರು. ಬಾನೆಟ್ಟಿನ ಗೀರುಗಳು ಒಂದೊಂದಾಗಿ ಕರಗಿ ಕೆಳಗಿನ ನೀಲಿ ತಿಳಿಯಾದಾಗ ಅವರ ಮುಖವೂ ತಿಳಿಯಾಯಿತು. "ಓಯ್ತದೆ ಅಂಗಾರೆ! ನಾನು ಪೂರ್ತಿ ಆಳಾಯ್ತು ಅಂತಿದ್ದೆ," ಎಂದು ನಕ್ಕರು. ಮಗಳ ಮದುವೆಯಾದದ್ದು, ಮೊಮ್ಮಗಳು ನಾಗಸಂದ್ರದಲ್ಲಿ ಮೆಟ್ರೊ ಹತ್ತಿ ಕಾಲೇಜಿಗೆ ಹೋಗುವುದು, ಮೂವತ್ತೈದು ವರ್ಷದಲ್ಲಿ ಒಂದು ಗಾಡಿಯನ್ನೂ ಎಲ್ಲಿಗೂ ತಾಗಿಸದೇ ಇದ್ದದ್ದು, ಎಲ್ಲವನ್ನೂ ಹೇಳಿದರು. ನನಗೆ ಅವರ ಜೊತೆ ಹಿತವೆನಿಸಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಮಾಲೀಕರು ಫೋನ್ ಮಾಡಿದರು. ಸಂಜೆಯೇ ಕಾರು ಬೇಕು, ಮರುದಿನ ನೆಂಟರ ಮದುವೆಗೆ ಅದರಲ್ಲೇ ಹೋಗಬೇಕು ಎಂದರು. ಒಂದು ದಿನದ ಕೆಲಸ ಬಾಕಿ ಇತ್ತು. ಆಗುವುದಿಲ್ಲ ಎನ್ನಬೇಕಿತ್ತು. "ಆಗುತ್ತೆ ಸಾರ್," ಎಂದೆ. ಅಂಥ ಕಾರಿನ ಫೋಟೊ ನನ್ನ ಗೋಡೆಯ ಮೇಲೆ ಬೇಕೆಂಬ ಆಸೆ ನನಗಿತ್ತು. ನನ್ನ ಬಳಿ ಕೆಲಸ ಮಾಡುವ ಇಬ್ಬರೂ ಹೊರಗೆ ಬೇರೆ ಗಾಡಿ ತೊಳೆಯುತ್ತಿದ್ದರು. ಕೈಯಲ್ಲಿ ಮಾಡಬೇಕೆಂದು ಬರೆದಿಟ್ಟಿದ್ದ ಜಾಗಕ್ಕೆ ಮೆಷಿನ್ ಇಟ್ಟೆ. ಎರಡೇ ನಿಮಿಷ ಎಂದುಕೊಂಡೆ.

"ಸಾಬ್ರೇ, ಬಣ್ಣ ಅಂಟ್ಕೊತಾ ಐತೆ," ಎಂದರು ದೀಪ ಹಿಡಿದಿದ್ದ ಡ್ರೈವರ್.

ಮೆಷಿನ್ನಿನ ಬಿಳಿ ಪ್ಯಾಡು ನೀಲಿಯಾಗಿತ್ತು. ಮೇಲಿನ ಪದರ ತೀರಿ ಬಣ್ಣಕ್ಕೇ ಕೈ ಬಿದ್ದಿದೆ ಎಂದು ಅದರ ಅರ್ಥ. ಮೆಷಿನ್ ಎತ್ತಿದೆ. ಏಣಿನ ಮೇಲೆ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ನೀಲಿ ಇರಲಿಲ್ಲ. ಬೂದು ಬಣ್ಣ ಕಾಣುತ್ತಿತ್ತು.

ಅವರು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. "ಇದೇನಿದು?"

"ಹಳೇದು ಯಜಮಾನ್ರೇ," ಎಂದೆ. "ಮೊದ್ಲೇ ಇತ್ತು. ಸಿಮೆಂಟ್ ಕೊಳೆ ಕೂತಿತ್ತಲ್ಲ, ಈಗ ಕಾಣಿಸ್ತು. ಸುತ್ತ ಸಡಿಲ ಆಗಿದ್ದ ಬಣ್ಣ ಪ್ಯಾಡಿಗೆ ಹತ್ತಿದೆ ಅಷ್ಟೆ."

ಆ ಮಾತು ಹೇಗೆ ಬಾಯಿಗೆ ಬಂತೋ ಇವತ್ತಿಗೂ ತಿಳಿಯದು. ಯೋಚಿಸಿ ಹೇಳಿದ್ದಲ್ಲ, ಆದರೆ ಹೇಳಿದ ಮೇಲೆ ವಾಪಸ್ ತೆಗೆದುಕೊಳ್ಳಲೂ ಇಲ್ಲ. ಅವರು ಆ ಜಾಗದ ಮೇಲೆ ಬೆರಳಾಡಿಸಿ, "ಅಂಗಾರೆ ನಾನೇ ಕಿತ್ತಾಕಿವ್ನಿ," ಎಂದರು. ದೀಪ ಹಿಡಿದ ಕೈ ಕೆಳಗಿಳಿಯಿತು. ನಾನು ಬೇರೆ ಕಡೆ ನೋಡಿದೆ.

ಸಂಜೆ ಮಾಲೀಕರು ಬಂದವರೇ ಒಂದು ಸುತ್ತು ಹಾಕಿ, ಬಾನೆಟ್ಟಿನ ಹೊಳಪಿನಲ್ಲಿ ಮುಖ ನೋಡಿಕೊಂಡು ನಕ್ಕು, ಹಿಂದಕ್ಕೆ ಬಂದು ನಿಂತರು. ನಾನು ಬಾಯಿ ತೆರೆಯುವ ಮೊದಲೇ ಡ್ರೈವರ್ ಮುಂದೆ ಬಂದು, "ತಪ್ಪಾಯ್ತಣ್ಣ, ನಾನು ಉಜ್ಜಿದ್ ಏಟ್ಗೆ ಬಣ್ಣಾನೇ ಓಗೈತೆ," ಎಂದುಬಿಟ್ಟರು.

ಮಾಲೀಕರ ಕೂಗು ರಸ್ತೆಯವರೆಗೂ ಕೇಳಿತು. "ಕಣ್ಣಿಲ್ವಾ ನಿಂಗೆ? ಅನ್ನ ಹಾಕಿದ ಮನೆ ಗಾಡಿನ ಹಿಂಗಾ ಮಾಡೋದು? ನಾಳೆಯಿಂದ ಬರ್ಬೇಡ, ಹೋಗು." ನನ್ನ ಕೆಲಸದವರಿಬ್ಬರೂ ಪೈಪು ಹಿಡಿದು ನಿಂತಿದ್ದರು. ಪಕ್ಕದ ಅಪಾರ್ಟ್‌ಮೆಂಟಿನ ವಾಚ್‌ಮನ್ ಗೇಟಿನಿಂದ ಇಣುಕಿದ. ಡ್ರೈವರ್ ಸ್ಟೂಲಿನ ಕೆಳಗಿಟ್ಟಿದ್ದ ಊಟದ ಡಬ್ಬಿ ತೆಗೆದುಕೊಂಡು ನಡೆದರು. ನಾನು ಅಲ್ಲೇ ಬಟ್ಟೆ ಮಡಚುತ್ತಾ ನಿಂತಿದ್ದೆ. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು.

ಆಮೇಲೆ ನನಗೆ ನಾನೇ ಬೇಕಾದಷ್ಟು ಸಮಾಧಾನ ಹೇಳಿಕೊಂಡೆ. ಗೀರು ಹಾಕಿದ್ದು ಅವರೇ ತಾನೆ. ಹಳೆಯ ಮನುಷ್ಯ, ಸಿಟ್ಟಿಳಿದ ಮೇಲೆ ಮತ್ತೆ ಕರೆಯುತ್ತಾರೆ. ಮೂರು ವಾರ ಹೀಗೇ ಕಳೆಯಿತು. ಶುಕ್ರವಾರದ ನಮಾಜಿನಲ್ಲಿ ನಿಂತರೆ ಮನಸ್ಸು ಆ ಏಣಿನ ಮೇಲೇ ಇರುತ್ತಿತ್ತು. ಹೆಂಡತಿ, ಮೈಯಲ್ಲಿ ಹುಷಾರಿಲ್ಲವಾ ಎಂದು ಕೇಳಿದಳು. ಹಾಗೇನಿಲ್ಲವೆಂದೆ.

ಒಂದು ದಿನ ವಿದ್ಯಾರಣ್ಯಪುರದ ಬಸ್‌ಸ್ಟಾಪಿನಲ್ಲಿ ಅವರು ಸಿಕ್ಕರು. ಅಂಗಿಯ ಜೇಬಿನಲ್ಲಿ ಹೊಸ ಕನ್ನಡಕವಿತ್ತು. ನನ್ನನ್ನು ಕಂಡು ಅವರೇ ನಕ್ಕರು. ಈಗೆಲ್ಲಿ ಕೆಲಸ ಎಂದು ಕೇಳಿದೆ.

"ಗಾಡಿ ಮುಟ್ಟಾದೇ ಬಿಟ್ಬುಟ್ಟೆ ಸಾಬ್ರೇ. ಕಣ್ಣು ತೋರ್ಸಿದೆ. ಡಾಕ್ಟ್ರು ಓದಾಕೆ ಮಾತ್ರ ಕನ್ನಡಕ ಸಾಕು, ಮಿಕ್ಕಿದ್ದೆಲ್ಲ ಸರಿ ಐತೆ ಅಂದ್ರು. ನಂಗೇ ನಂಬ್ಕೆ ಬರ್ನಿಲ್ಲ. ಅಷ್ಟು ಬಣ್ಣ ಓಗಿದ್ದು ಉಜ್ಜೋವಾಗ ನಂಗೆ ಕಾಣ್ನಿಲ್ಲ ಅಂದ್ರೆ, ನಾಳೆ ರೋಡ್ನಾಗೆ ಅಡ್ಡ ಬಂದ ಮಗೀನೂ ಕಾಣ್ದೆ ಓದ್ರೆ?"

ಬಸ್ಸು ಬಂತು. ಅವರು ಹತ್ತಿದರು. ನಾನು ಆಗಲೂ ಹೇಳಲಿಲ್ಲ. ಅವರ ಕೆಲಸವನ್ನು ಕಳೆದೆ ಎಂದಷ್ಟೇ ಅಂದುಕೊಂಡಿದ್ದೆ. ಅವರ ಕಣ್ಣು, ಕೈಗಳ ಮೇಲೆ ಅವರಿಗಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೇನೆ ಎಂದು ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ವಿಚಾರಿಸಿಕೊಂಡು ಶೆಟ್ಟಿಹಳ್ಳಿಯ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಅವರು ಕೂತಿದ್ದರು, ಪಕ್ಕದಲ್ಲಿ ಅವರ ಹೆಂಡತಿ ಸೊಪ್ಪು ಬಿಡಿಸುತ್ತಿದ್ದರು. ಚಾಪೆ ಹಾಕಿ ಕೂರಿಸಿದರು. ಕೂತರೆ ಹೇಳಲು ಆಗುವುದಿಲ್ಲವೆನಿಸಿ ಎದ್ದು ನಿಂತು ಹೇಳಿದೆ. "ಆ ಬಣ್ಣ ತೆಗೆದಿದ್ದು ನಾನು. ಮೆಷಿನ್ ಇಡಬಾರದ ಜಾಗ ಅಂತ ಗೊತ್ತಿದ್ದೂ ಇಟ್ಟೆ. ನಿಮಗೆ ಸುಳ್ಳು ಹೇಳ್ದೆ."

ಡ್ರೈವರ್ ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. "ಅಂಗಾರೆ ನಾನು ಮಾಡಿದ್ದಲ್ವಾ?" ಎಂದರು.

"ಅಲ್ಲ."

"ನಾರಿಂದ ಅಷ್ಟೊಂದು ಓಗಲ್ವಾ?"

"ಹೋಗಲ್ಲ ಯಜಮಾನ್ರೇ. ಗೀರು ಮಾತ್ರ ನಿಮ್ದು."

ಅವರ ಹೆಂಡತಿ ಸೊಪ್ಪು ಕೆಳಗಿಟ್ಟರು. "ಅನ್ನ ಮುಂದಿಟ್ರೆ ಕೈ ನೋಡ್ಕೊಂಡು ಕೂತಿರೋರು ಕಣಪ್ಪ," ಎಂದರು. "ಒಂದು ಮಾತಿಗೆ ಇಪ್ಪತ್ತು ದಿನ ಬೇಕಾಯ್ತಾ ನಿಂಗೆ?" ಕ್ಷಮಿಸಿ ಎಂದೆ. ಡ್ರೈವರ್ ತಲೆಯೆತ್ತಿ, "ನಂಗೆ ಏಳಿದ್ರೆ ಆಗಲ್ಲ ಸಾಬ್ರೇ. ಅಣ್ಣ ಎಲ್ಲಿ ನಿಂತು ಬೈದ್ರೋ ಅಲ್ಲೇ ಏಳಿ. ಯಾರ್ ಯಾರು ಕೇಳಿಸ್ಕೊಂಡ್ರೋ ಅವ್ರ ಮುಂದೆ," ಎಂದರು.

ಎರಡು ದಿನದ ಮೇಲೆ ಮಾಲೀಕರನ್ನು ಶೆಡ್ಡಿಗೆ ಕರೆದೆ. ಡ್ರೈವರ್ ಅದೇ ಬಿಳಿ ಅಂಗಿ ಹಾಕಿ ಬಸ್ಸಿನಲ್ಲಿ ಬಂದರು. ಕೆಲಸದವರಿಬ್ಬರನ್ನೂ ಪಕ್ಕದ ವಾಚ್‌ಮನ್ನನ್ನೂ ಒಳಗೆ ಕರೆದು ನಿಲ್ಲಿಸಿ, ನಡೆದದ್ದನ್ನೆಲ್ಲ ಹೇಳಿದೆ. ಮೀಟರಿನ ಲೆಕ್ಕ ಬರೆದಿದ್ದ ಹಾಳೆಯನ್ನೂ ತೋರಿಸಿದೆ. ಕೆಲಸದವರಿಬ್ಬರಲ್ಲಿ ಒಬ್ಬಳು ನನ್ನ ಬಳಿಯೇ ಕೆಲಸ ಕಲಿತ ಹುಡುಗಿ. ಅವಳು ನನ್ನ ಮುಖ ನೋಡಲಾರದೆ ನೆಲ ನೋಡುತ್ತಿದ್ದಳು.

ಮಾಲೀಕರು ಕೂಗಾಡಲಿಲ್ಲ. ಅದೇ ಕಷ್ಟವಾಯಿತು. "ನಾನು ಬೈಯೋವಾಗ ನೀವು ಇಲ್ಲೇ ನಿಂತಿದ್ರಲ್ರೀ," ಎಂದರು. ಆಮೇಲೆ ಡ್ರೈವರ್ ಕಡೆ ತಿರುಗಿ, "ನೀನಾದ್ರೂ ನಾನಲ್ಲ ಅನ್ಬಾರ್ದಿತ್ತಾ?"

"ನಾನೇ ಅನ್ಕೊಂಡಿದ್ದೆ ಅಣ್ಣ."

ಮಾಲೀಕರು ಮುಖ ಒರೆಸಿಕೊಂಡರು. "ಬಂದ್ಬಿಡಪ್ಪ ನಾಳೆಯಿಂದ," ಎಂದರು. ಡ್ರೈವರ್ ಅವರಿಗೆ ಕೈ ಮುಗಿದರು. ಆ ಭಾಗಕ್ಕೆ ಹೊಸದಾಗಿ ಬಣ್ಣ ಹೊಡೆಸಿಕೊಡುತ್ತೇನೆ ಎಂದು ನಾನು ಹೇಳಿದ್ದಕ್ಕೆ ಮಾಲೀಕರು ಬೇಡವೆಂದರು. "ಮಾಡ್ಸೋರು ಬೇರೆ ಇದಾರೆ." ಆ ಕಾರು ಮತ್ತೆ ನನ್ನ ಶೆಡ್ಡಿಗೆ ಬರಲಿಲ್ಲ. ಅವರ ಪರಿಚಯದವರೂ ಬರುವುದು ನಿಂತಿತು.

ಡ್ರೈವರ್ ಆ ಮನೆಗೆ ವಾಪಸ್ ಹೋಗಲಿಲ್ಲ. ಕೆಲವು ತಿಂಗಳ ನಂತರ ಒಂದು ಶಾಲೆಯ ವ್ಯಾನ್ ಓಡಿಸಲು ಸೇರಿದರು. ಬೆಳಿಗ್ಗೆ ಎಂಟಕ್ಕೆ ಅದು ನನ್ನ ರಸ್ತೆಯಲ್ಲೇ ಹೋಗುತ್ತದೆ, ಎದುರಿನ ಮನೆಯ ಮಗುವಿಗಾಗಿ ಎರಡು ನಿಮಿಷ ನಿಲ್ಲುತ್ತದೆ. ಕಂಡರೆ ತಲೆಯಾಡಿಸುತ್ತಾರೆ. ಒಂದು ದಿನ ಧೈರ್ಯ ಮಾಡಿ ಕಿಟಕಿಯ ಬಳಿ ಹೋಗಿ, "ಇನ್ನೂ ಕೋಪ ಇದೆಯಾ ಯಜಮಾನ್ರೇ?" ಎಂದೆ.

"ಕೋಪ ಏನಿಲ್ಲ ಸಾಬ್ರೇ," ಎಂದರು. "ಆದ್ರೆ ಗಾಡಿ ನಿಲ್ಸಿದ್ ಮ್ಯಾಲೆ ಸುತ್ತ ಒಂದ್ಸಲ ನೋಡ್ಕೊಂಡು ಬರ್ತೀನಿ, ಎಲ್ಲಾರ ತಗಲಿಸ್ಬುಟ್ಟಿದೀನಾ ಅಂತ. ಮೊದ್ಲು ಅಂಗೆ ನೋಡ್ತಿರ್ಲಿಲ್ಲ."

ಮಗು ಹತ್ತಿತು. ಅವರು ಕನ್ನಡಿಗಳನ್ನು ಒಂದಾದ ಮೇಲೊಂದು ನೋಡಿ, ಮತ್ತೊಮ್ಮೆ ನೋಡಿ, ನಿಧಾನವಾಗಿ ವ್ಯಾನ್ ಮುಂದಕ್ಕೆ ಬಿಟ್ಟರು.