ಟ್ಯಾರಂಟುಲಾದ ಬಾಣಂತನ

ಜೇವರ್ಗಿಯ ನಮ್ಮ ಮನೆಗೆ ಅಂಗೈಯಗಲದ ಟ್ಯಾರಂಟುಲಾ ಜೇಡವನ್ನು ತಂದು ಸಾಕಿದಾಗಿನಿಂದ ಅವ್ವ ನನ್ನ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಅದು ಹೆಣ್ಣು; ಗಂಡು ಜೇಡವನ್ನು ತಂದು ಜೊತೆಗೆ ಬಿಟ್ಟಾಗ ಹೆಣ್ಣು ಅದನ್ನು ತಿಂದೀತೆಂದು ಕಡ್ಡಿ ಹಿಡಿದು ಕಾವಲು ಕೂತವನು ನಾನು. ಆಮೇಲೆ ಹೆಣ್ಣು ಬಿಳಿ ಮೊಟ್ಟೆಚೀಲ ಹೆಣೆದು, ಅದನ್ನು ತಬ್ಬಿಕೊಂಡು ಉಪವಾಸ ಕೂತಿತು. ನಮ್ಮ ಕಡೆಯ ಬಿಸಿಲಿನಲ್ಲಿ ಡಬ್ಬಿಯ ಮಣ್ಣು ಒಣಗದಂತೆ ಕಾಯುವುದು ಹುಡುಗಾಟವಲ್ಲ. ನಾನು ಕಾದೆ. ಒಂದು ಬೆಳಿಗ್ಗೆ ಚೀಲ ಒಡೆದು, ಜೋಳದ ಕಾಳಿನ ಗಾತ್ರದ ಮರಿಗಳು ಡಬ್ಬಿಯ ತುಂಬ ಹರಿದಾಡುತ್ತಿದ್ದವು. ಆಳಂದ, ಅಫಜಲಪುರದ ಕಡೆ ಇದನ್ನು ಮಾಡಿದವರಿದ್ದರೆ ತೋರಿಸಿ!

ಕುಣಿದಾಡುತ್ತ ಅವ್ವನಿಗೆ ಹೇಳಿದೆ. ಸ್ವಲ್ಪ ಹೊತ್ತಿಗೆ ಅವಳು ಕೆಂಡದ ಮೇಲೆ ಲೋಬಾನ ಹಾಕಿಕೊಂಡು ಕೋಣೆಯೊಳಗೇ ಬಂದುಬಿಟ್ಟಳು. ಹೆತ್ತವಳಿಗೂ ಕೂಸಿಗೂ ನಮ್ಮಲ್ಲಿ ಆ ಹೊಗೆ ಕೊಡುತ್ತಾರೆ.

“ಬಾಣಂತಿಗೆ ಹೊಗಿ ಹಾಕಬ್ಯಾಡೇನು?” ಎಂದಳು.

“ಯವ್ವಾ, ಹೊಗಿಗೆ ಮರಿ ಎಲ್ಲಾ ಸಾಯ್ತಾವ, ಹೊರಗ ಒಯ್ಯಿ!” ಎಂದು ಚೀರಿದೆ.

ಅವ್ವ ಕೆಂಡವನ್ನು ಅಂಗಳದಲ್ಲಿಟ್ಟಳು. ಅಷ್ಟರಲ್ಲಿ ನೆರೆಮನೆಯ ಹೆಂಗಸು ಬಾಗಿಲಿಗೆ ಬಂದು, “ನಿಮ್ಮ ಮಗ ಹುಳ ಸಾಕ್ಯಾನಂತಲ್ರಿ?” ಎಂದು ಜೋರಾಗಿ ನಕ್ಕಳು.

“ಸಣ್ಣಗ ಮಾತಾಡ್ರಿ,” ಎಂದಳು ಅವ್ವ. “ಒಳಗ ಬಾಣಂತಿ ಅದಾಳ.”